ಗೋದಾಮಿನ ಕೀಲಿಕೈ ಯಾರ ಬಲ್ಲಿ ಇರಬೇಕು? ಊರಲ್ಲಿ ತೊಗರಿ ಸಂಘ ಕಟ್ಟುವ ಬಗ್ಗೆ

ಕರಿಮಣ್ಣು, ಆಳಂದ ತಾಲೂಕು

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನಮ್ಮದು ಆಳಂದ ತಾಲೂಕಿನ ಸಣ್ಣ ಊರು. ಇನ್ನೂರು ಚಿಲ್ಲರೆ ಮನೆ, ಒಂದು ಕಿಲೋಮೀಟರ್ ಆಚೆ ತಾಂಡಾ. ನಾನು ಆರು ವರ್ಷ ಪುಣೆಯಲ್ಲಿ ದುಡಿದೆ. ಅಪ್ಪನ ಮೊಣಕಾಲು ಹಿಡಿದುಕೊಂಡ ಮೇಲೆ ವಾಪಸ್ ಬಂದೆ. ಐದು ಎಕರೆ ಎರೆ ಹೊಲ ಇದೆ. ಮಳೆ ನಂಬಿದ ಬೇಸಾಯ. ತೊಗರಿಯೇ ಮುಖ್ಯ, ಸಾಲಿನ ನಡುವೆ ಒಂದಿಷ್ಟು ಹೆಸರುಕಾಳು.

2025ರ ಜನವರಿಯ ಒಂದು ದಿನದ ವಿಷಯ ಮೊದಲು ಹೇಳುತ್ತೇನೆ. ಅದನ್ನು ಹೇಳದಿದ್ದರೆ ನನ್ನ ಪ್ರಶ್ನೆ ತಿಳಿಯುವುದಿಲ್ಲ. ರಾಶಿ ಮುಗಿದು ಹನ್ನೊಂದು ಕ್ವಿಂಟಲ್ ತೊಗರಿ ಆಗಿತ್ತು. ಟಂಟಂ ಬಾಡಿಗೆ ಮಾಡಿ ಕಲಬುರಗಿ ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಒಯ್ದೆವು. ಅಡತ್ (ದಲ್ಲಾಳಿ) ಅಂಗಡಿಯ ಹುಡುಗ ಒಂದೊಂದು ಚೀಲದಿಂದಲೂ ಒಂದು ಬೊಗಸೆ ತೆಗೆದ. ಎರಡು ಕಾಳು ಬಾಯಿಗೆ ಹಾಕಿ ಕಡಿದ. ‘ಹಸಿ ಅದ’ ಎಂದ. ಎಂಟು ದಿನ ತಾಡಪತ್ರಿ ಮೇಲೆ ಹರವಿ ಒಣಗಿಸಿದ ಕಾಳು ಅದು. ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಅಪ್ಪ ಅದನ್ನೇ ಮಾಡಿ ತೋರಿಸಿದರು. ಆ ಹುಡುಗ ಅಷ್ಟರಲ್ಲಿ ಮುಂದಿನ ಚೀಲಕ್ಕೆ ಹೋಗಿದ್ದ. ತೆಗೆದ ಬೊಗಸೆ ಕಾಳು ವಾಪಸ್ ಚೀಲಕ್ಕೆ ಬೀಳಲಿಲ್ಲ, ಅಂಗಡಿಯ ಮೂಲೆಯ ರಾಶಿಗೆ ಹೋಯಿತು.

ಕ್ವಿಂಟಲಿಗೆ ದರ 7,150 ಹಿಡಿದರು. ಆಗ ಬೆಂಬಲ ಬೆಲೆ 7,550 ಇತ್ತು. ರಾಜ್ಯ ಸರ್ಕಾರದ 450 ರೂಪಾಯಿ ಸೇರಿದರೆ 8,000. ಕ್ವಿಂಟಲಿಗೆ ಒಂದೂವರೆ ಕಿಲೋ ಸೂಟ್ (ತೂಕದ ಕಡಿತ) ಮುರಿದರು, ಅಂದರೆ ಹದಿನಾರೂವರೆ ಕಿಲೋ ತೊಗರಿ ಸುಮ್ನೆ ಹೋಯಿತು. ಹಮಾಲಿ, ಟಂಟಂ ಬಾಡಿಗೆ ಬೇರೆ. ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆ ಅದೇ ಅಂಗಡಿಯಿಂದ ಮೂವತ್ತು ಸಾವಿರ ತಂದಿದ್ದೆವು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಏಳು ತಿಂಗಳಿಗೆ ಬಡ್ಡಿಯೇ 6,300. ಎಲ್ಲ ಮುರಿದು ಕೈಗೆ ಬಂದದ್ದು ಮೂವತ್ತೊಂಬತ್ತು ಸಾವಿರ ಚಿಲ್ಲರೆ. ಒಂದು ವರ್ಷದ ದುಡಿಮೆ, ಮೂರು ಜನರದ್ದು.

ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಯಾಕೆ ಹಾಕಲಿಲ್ಲ ಅಂತ ಕೇಳುತ್ತೀರಿ. ಹೊಲ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ, ಹಾಗಾಗಿ ನಮ್ಮ ಹೆಸರಿಗೆ ರೈತರ ಗುರುತಿನ ಸಂಖ್ಯೆಯೂ ಆಗಿಲ್ಲ. ಮೇಲಾಗಿ ಅಡತಿಯವರ ಬಾಕಿ ತಲೆ ಮೇಲೆ ಇರುವಾಗ ಮಾಲು ಬೇರೆ ಕಡೆ ಒಯ್ಯಲು ಮುಖ ಬರುವುದಿಲ್ಲ.

ಕಾರಹುಣ್ಣಿಮೆ ಮುಗಿದ ಮೂರನೇ ದಿನ ಮೂವತ್ನಾಲ್ಕು ಜನ ಸೇರಿ ಮಾತಾಡಿದೆವು. ಸಂಘ ಮಾಡಬೇಕು, ಎಲ್ಲರ ತೊಗರಿ ಒಟ್ಟಿಗೆ ಮಾರಬೇಕು ಅನ್ನುವುದು ನಮ್ಮಂಥ ಹುಡುಗರ ಆಸೆ. ಆದರೆ ಹಿರಿಯರು ಮಾತಾಡಲಿಲ್ಲ. ಊರಲ್ಲಿ ಹಿಂದೆ ಒಂದು ಸಂಘ ಇತ್ತು. ನೂರು ನೂರು ರೂಪಾಯಿ ಷೇರು ಕಟ್ಟಿದ್ದರು. ಗೋದಾಮು ಕಟ್ಟಿಸಿದರು. ಆಮೇಲೆ ಲೆಕ್ಕ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನಾನು ಶಾಲೆಗೆ ಹೋಗುವಾಗಿನಿಂದ ಆ ಗೋದಾಮಿಗೆ ಬೀಗ. ಮಧ್ಯಾಹ್ನ ಅದರ ನೆರಳಿಗೆ ಕುರಿ ಮಲಗುತ್ತವೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಾ ಒಂದೇ ಮಾತು ಕೇಳಿದಳು: ‘ಈ ಸಲ ಕೀಲಿಕೈ ಯಾರ ಬಲ್ಲಿ ಇರ್ತದ?’ ನನಗೆ ಉತ್ತರ ಗೊತ್ತಿರಲಿಲ್ಲ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸಹಕಾರ ಸಂಘ ಮಾಡಬೇಕೋ, ರೈತ ಉತ್ಪಾದಕರ ಕಂಪನಿ ಮಾಡಬೇಕೋ? ಮೊದಲು ಏನು ಮಾಡಬೇಕು? ಇಪ್ಪತ್ತು ಎಕರೆಯವರೇ ಎಲ್ಲ ಹಿಡಿದುಕೊಳ್ಳದ ಹಾಗೆ ನೋಡಿಕೊಳ್ಳುವುದು ಹೇಗೆ? ಇನ್ನೊಂದು ಪ್ರಶ್ನೆ, ಇದೇ ನನಗೆ ಜಾಸ್ತಿ ಕಾಡುವುದು. ತಾಂಡಾದವರಿಗೆ, ಕೇರಿಯವರಿಗೆ ಹೊಲವೇ ಇಲ್ಲ, ಇದ್ದರೂ ಒಂದೆರಡು ಎಕರೆ. ಕೆಲವರು ಪಾಲಿಗೆ ಮಾಡುತ್ತಾರೆ. ತೊಗರಿ ಸಂಘದಿಂದ ಅವರಿಗೆ ಏನು ಸಿಗುತ್ತದೆ? ಊರಲ್ಲಿ ನಿಜವಾದ ಬಡತನ ಇರುವುದು ಅವರ ಮನೆಯಲ್ಲೇ ಅಲ್ವಾ?

ಜೇವರ್ಗಿ ರಸ್ತೆ

ತಮ್ಮಾ, ನಾನು ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಮೂರು ವರ್ಷ ವ್ಯವಸ್ಥಾಪಕನಾಗಿದ್ದೆ. ಹೆಸರು ಹೇಳುವುದಿಲ್ಲ. ಅದು ಈಗ ಕಾಗದದ ಮೇಲೆ ಮಾತ್ರ ಇದೆ. ಏನಾಯಿತು ಅನ್ನುವುದನ್ನು ಬಿಚ್ಚಿ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ಕೇಂದ್ರ ಸರ್ಕಾರ 2020ರಲ್ಲಿ ಹತ್ತು ಸಾವಿರ ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಮಾಡುವ ಯೋಜನೆ ತಂದಿತು. ನಮ್ಮ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಬೇಕಿತ್ತು. ಆಡಳಿತ ಖರ್ಚಿಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ಸಿಗುತ್ತಿತ್ತು. ರೈತ ಎಷ್ಟು ಷೇರು ಕಟ್ಟುತ್ತಾನೋ ಅಷ್ಟೇ ಹಣ ಸರ್ಕಾರವೂ ಹಾಕುತ್ತಿತ್ತು, ಒಬ್ಬರಿಗೆ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷದ ಮಿತಿ. ಒಳ್ಳೆಯ ಯೋಜನೆಯೇ. ಆದರೆ ನಾವು ಮಾಡಿದ್ದೇನು? ಮುನ್ನೂರು ಜನರ ಆಧಾರ್ ಜೆರಾಕ್ಸ್ ಒಟ್ಟು ಮಾಡಲು ಹಳ್ಳಿ ಹಳ್ಳಿ ಓಡಾಡಿದೆವು. ಜನ ನಮ್ಮನ್ನು ನೋಡಿ ಷೇರು ಕಟ್ಟಲಿಲ್ಲ, ಸರ್ಕಾರದಿಂದ ಏನಾದರೂ ಬರುತ್ತದೆ ಅಂತ ಕಟ್ಟಿದರು. ಆಫೀಸು ಆಯಿತು, ಕಂಪ್ಯೂಟರ್ ಬಂತು, ಬೋರ್ಡು ಬಂತು.

ಎರಡನೇ ವರ್ಷ ಒಂದು ದಾಲ್ ಮಿಲ್ಲಿನ ಜೊತೆ ಎರಡು ಲಾರಿ ತೊಗರಿಗೆ ಮಾತಾಡಿದೆವು. ಗಂಜಿನ ದರಕ್ಕಿಂತ ನೂರು ರೂಪಾಯಿ ಜಾಸ್ತಿ ಕೊಡುತ್ತೇವೆ ಅಂತ ಸದಸ್ಯರಿಗೆ ಹೇಳಿದೆವು. ಎಲ್ಲರೂ ಹೂಂ ಅಂದರು. ರಾಶಿ ಆದ ಮೇಲೆ ನಮ್ಮ ಕಡೆ ಬಂದದ್ದು ಒಂದು ಲಾರಿಗೂ ಸಾಲದಷ್ಟು. ಉಳಿದದ್ದೆಲ್ಲ ಅಡತಿಗೇ ಹೋಯಿತು. ನನಗೆ ಆಗ ರೈತರ ಮೇಲೆ ತುಂಬ ಸಿಟ್ಟು ಬಂತು. ನಂಬಿಕೆ ಇಲ್ಲದ ಜನ ಅಂತ ಬೈದುಕೊಂಡೆ. ಒಬ್ಬ ಕಾಕಾ ನನ್ನ ತಪ್ಪು ತಿದ್ದಿದರು. ‘ನೀನು ಜನವರಿಯಾಗ ಬಂದಿ. ಅಂವ ಜೂನದಾಗೇ ಬಂದಿದ್ದ’ ಎಂದರು.

ನಿಮ್ಮ ಕಥೆಯಲ್ಲೂ ಅದೇ ಇದೆ ನೋಡಿ. ಅಂಗಡಿಯ ಹುಡುಗ ಕಾಳು ಕಡಿದು ‘ಹಸಿ’ ಅಂದಾಗ ನಿಮ್ಮ ಅಪ್ಪನಿಗೆ ಚೀಲ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಲು ಆಗಲಿಲ್ಲ. ಮೂವತ್ತು ಸಾವಿರ ಕಾಲು ಕಟ್ಟಿತ್ತು. ನಿಮ್ಮ ಜನವರಿಯ ದರ ಜೂನ್‌ನಲ್ಲೇ ಕುದುರಿತ್ತು. ಹಾಗಾಗಿ ಮಾರಾಟದಿಂದ ಶುರು ಮಾಡಬೇಡಿ. ಬಿತ್ತನೆಯ ದುಡ್ಡಿನಿಂದ ಶುರು ಮಾಡಿ. ಮೂವತ್ತು ಮನೆಯ ಬಿತ್ತನೆ ಸಾಲ ಅಂಗಡಿಯಿಂದ ಬಿಡಿಸಿದರೆ ಅವರ ತೊಗರಿ ತಾನಾಗಿ ನಿಮ್ಮ ಕಡೆ ಬರುತ್ತದೆ.

ಕಂಪನಿಯೋ ಸಂಘವೋ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. ಎರಡರಲ್ಲೂ ಒಬ್ಬರಿಗೆ ಒಂದೇ ಓಟು, ಷೇರು ಎಷ್ಟೇ ಇರಲಿ. ಕಂಪನಿಯನ್ನು ಹತ್ತು ರೈತರು ಸೇರಿದರೂ ನೋಂದಾಯಿಸಬಹುದು. ಆದರೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಲೇಬೇಕು, ತಡವಾದರೆ ದಂಡ ಏರುತ್ತಾ ಹೋಗುತ್ತದೆ. ಸಿಎ ಫೀಜು ಬೇರೆ. ವ್ಯವಹಾರ ಇಲ್ಲದ ಕಂಪನಿಯನ್ನು ಸಾಕುವುದು ಹಾಲು ಕೊಡದ ಎಮ್ಮೆಗೆ ಹಿಂಡಿ ಹಾಕಿದ ಹಾಗೆ. ಮೊದಲು ವ್ಯವಹಾರ ಬೆಳೆಯಲಿ, ನೋಂದಣಿ ಆಮೇಲೆ.

ಹಳೇ ಕಾರ್ಯದರ್ಶಿ, ಭಾಲ್ಕಿ

ಜೇವರ್ಗಿಯವರು ಹೇಳಿದ್ದು ಸರಿ ಇದೆ. ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ (ಹಳ್ಳಿಯ ರೈತರಿಗೆ ಸಾಲ ಕೊಡುವ ಸಹಕಾರ ಸಂಘ) ಕಾರ್ಯದರ್ಶಿಯಾಗಿ ದುಡಿದು ನಿವೃತ್ತನಾದವನು. ಕರಿಮಣ್ಣು ತಮ್ಮ, ನಿಮ್ಮ ಅವ್ವ ಕೇಳಿದ ಪ್ರಶ್ನೆಗೇ ನಾನು ಉತ್ತರ ಕೊಡುತ್ತೇನೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನಮ್ಮ ಬೀದರ್ ಜಿಲ್ಲೆಯಲ್ಲಿ ಸ್ವಸಹಾಯ ಗುಂಪುಗಳು ಹೇಗೆ ಬೆಳೆದವು ಅಂತ ನೀವು ಕೇಳಿರಬಹುದು. 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಈ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಕೆಲವೇ ವರ್ಷದಲ್ಲಿ ನಮ್ಮ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಅದನ್ನು ಕೈಗೆತ್ತಿಕೊಂಡಿತು. ಬ್ಯಾಂಕಿನ ಅಧ್ಯಕ್ಷರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿಯವರು ಅದಕ್ಕೆ ಬೆನ್ನೆಲುಬಾಗಿ ನಿಂತರು. ಬೇರೆ ಕಡೆ ಗುಂಪು ಕಟ್ಟುವ ಕೆಲಸ ಹೊರಗಿನ ಸಂಸ್ಥೆಯವರದ್ದಾಗಿತ್ತು. ಇಲ್ಲಿ ನಮ್ಮಂಥ ಹಳ್ಳಿ ಸಂಘದ ಕಾರ್ಯದರ್ಶಿಗಳೇ ಸಂಜೆ ಹೊತ್ತು ಓಣಿ ಓಣಿಗೆ ಹೋಗಿ ಕಟ್ಟಿದೆವು. ಷೇರು ಇಲ್ಲದವರು, ಪಹಣಿ ಇಲ್ಲದವರು, ಹೆಣ್ಣುಮಕ್ಕಳು, ಯಾರು ನಮ್ಮ ಕೌಂಟರಿನ ಮುಂದೆ ಎಂದೂ ನಿಂತಿರಲಿಲ್ಲವೋ ಅವರೇ ಬಂದರು.

ನಾನು ಕಟ್ಟಿದ ಮೊದಲನೇ ಗುಂಪಿನಲ್ಲಿ ಹದಿನಾರು ಜನ. ವಾರಕ್ಕೆ ಐದು ರೂಪಾಯಿ. ಒಂದು ತಗಡಿನ ಟ್ರಂಕು ತಂದರು. ಅದಕ್ಕೆ ಮೂರು ಬೀಗ. ಮೂರು ಕೀಲಿಕೈ ಮೂರು ಬೇರೆ ಓಣಿಯ ಮೂವರ ಸೊಂಟದಲ್ಲಿ. ಟ್ರಂಕು ನಾಲ್ಕನೆಯವಳ ಮನೆಯಲ್ಲಿ. ಮೂವರೂ ಬಂದು ಕೂತ ಹೊರತು ಟ್ರಂಕು ತೆರೆಯುವ ಹಾಗಿಲ್ಲ. ತೆರೆದ ಕೂಡಲೇ ದುಡ್ಡು ನೆಲಕ್ಕೆ ಸುರಿದು ಎಲ್ಲರೆದುರು ಎಣಿಸುತ್ತಿದ್ದರು. ಎಣಿಸಿದ್ದು ಬರೆಯುತ್ತಿದ್ದರು. ಬರೆದದ್ದನ್ನು ಐದನೇ ತರಗತಿಯ ಒಬ್ಬ ಹುಡುಗಿ ಗಟ್ಟಿಯಾಗಿ ಓದುತ್ತಿದ್ದಳು. ಒಂದು ಸಲ ಎರಡು ರೂಪಾಯಿ ಕಡಿಮೆ ಬಂತು. ರಾತ್ರಿ ಹತ್ತರವರೆಗೆ ಯಾರೂ ಏಳಲಿಲ್ಲ. ಕೊನೆಗೆ ಟ್ರಂಕಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಎರಡು ರೂಪಾಯಿ ನಾಣ್ಯ ಸಿಕ್ಕಿತು. ಆ ರಾತ್ರಿಯ ಮೇಲೆ ಆ ಗುಂಪಿನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ಹಾಗಾಗಿ ಅವ್ವನಿಗೆ ಹೇಳಿ, ಕೀಲಿಕೈ ಮೂರು ಇರಲಿ. ಒಂದು ನಿಮ್ಮ ಓಣಿಗೆ, ಒಂದು ಕೇರಿಗೆ, ಒಂದು ತಾಂಡಾಕ್ಕೆ.

ಸಹಕಾರ ಅನ್ನುವುದು ನಮಗೆ ಹೊಸದಲ್ಲ. 1904ರಲ್ಲಿ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಶುರು ಮಾಡಿದರು. ಅದೂ ಪತ್ತಿನ ಸಂಘವೇ, ಮಾರಾಟದ್ದಲ್ಲ. ಬಡ್ಡಿಯ ಹಗ್ಗ ಬಿಚ್ಚಿದ ಮೇಲೆಯೇ ರೈತ ಬೇರೆ ಮಾತು ಕೇಳುತ್ತಾನೆ ಅನ್ನುವುದು ಅವರಿಗೆ ಆಗಲೇ ಗೊತ್ತಿತ್ತು. ಈಗ ನಮ್ಮ ರಾಜ್ಯದಲ್ಲಿ ಸಂಘದ ಸದಸ್ಯನಿಗೆ ಬೆಳೆ ಸಾಲ 5 ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುತ್ತದೆ. 2023ರ ತನಕ ಅದು 3 ಲಕ್ಷ ಇತ್ತು. ಇಷ್ಟಿದ್ದೂ ನೀವು ನೂರಕ್ಕೆ ಮೂರು ಕೊಟ್ಟಿದ್ದೀರಿ. ಓದಿ ನನಗೆ ಸಂಕಟ ಆಯಿತು. ಪೌತಿ ಖಾತೆ ಮೊದಲು ಮಾಡಿಸಿಕೊಳ್ಳಿ. ನಾಳೆಯೇ ಅರ್ಜಿ ಹಾಕಿ. ನಿಮ್ಮ ಊರಲ್ಲಿ ಎಷ್ಟು ಮನೆಯ ಹೊಲ ತೀರಿಹೋದವರ ಹೆಸರಲ್ಲಿದೆ ಅಂತ ಪಟ್ಟಿ ಮಾಡಿ, ಎಲ್ಲರೂ ಒಟ್ಟಿಗೆ ಹೋಗಿ. ಸಂಘದ ಮೊದಲನೇ ಕೆಲಸ ಅದೇ ಆಗಲಿ. ಅದಕ್ಕೆ ನೋಂದಣಿ ಬೇಡ, ಷೇರು ಬೇಡ.

ಹೊಲ ಇಲ್ಲದವರ ಬಗ್ಗೆ ಕೇಳಿದಿರಿ. ಬೀದರಿನಿಂದ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ 1983ರಿಂದ ಇದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಮೈಸೂರು ಮೂಲದ ಪಿ.ವಿ. ಸತೀಶ್, 2023ರಲ್ಲಿ ತೀರಿಕೊಂಡರು. ದಲಿತ ಹೆಣ್ಣುಮಕ್ಕಳ ಸಂಘಗಳೇ ಅದರ ಜೀವ. ಅಲ್ಲಿ ಪಡಿತರದ ಅಕ್ಕಿಯ ದಾರಿ ಕಾಯುವ ಬದಲು ಬೀಳುಬಿದ್ದ ಹೊಲ ಉತ್ತು ಜೋಳ ಬೆಳೆದರು. ಉಳುಮೆಗೆ ಕೊಟ್ಟ ಸಾಲವನ್ನು ಜೋಳದಲ್ಲೇ ತೀರಿಸಿದರು. ಆ ಜೋಳ ಊರಲ್ಲೇ ಕೂಡಿಟ್ಟು ಬಡವರಿಗೆ ಕಡಿಮೆ ದರಕ್ಕೆ ಕೊಟ್ಟರು. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಯಾರು ತೀರಾ ಬಡವರು ಅನ್ನುವುದನ್ನು ಮೇಲಿನವರ ಕಾಗದ ನೋಡಿ ತೀರ್ಮಾನ ಮಾಡಲಿಲ್ಲ. ಊರವರೇ ಕೂತು, ಮನೆ ಮನೆ ಹೆಸರು ಹಿಡಿದು, ಎಲ್ಲರೆದುರು ಹೇಳಿದರು. ಊರಿಗೆ ಗೊತ್ತಿರುವಷ್ಟು ಯಾವ ಸರ್ವೆಗೂ ಗೊತ್ತಾಗುವುದಿಲ್ಲ. ಆ ಹೆಣ್ಣುಮಕ್ಕಳ ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಇನ್ನೊಂದು ಮಾತು, ತಾಂಡಾದವರ ಬಗ್ಗೆ. ಅವರು ದಸರಾ ಆಸುಪಾಸು ಕಬ್ಬು ಕಡಿಯಲು ಹೋಗುತ್ತಾರೆ, ಬರುವುದು ಬೇಸಿಗೆಗೆ. ಸಹಕಾರ ಕಾಯ್ದೆ ಪ್ರಕಾರ ಸಂಘದ ವಾರ್ಷಿಕ ಸಭೆ ಸೆಪ್ಟೆಂಬರ್ 25ರ ಒಳಗೆ ಆಗಬೇಕು. ನೀವು ಮುಂದೆ ನೋಂದಣಿ ಮಾಡಿಸಿದರೆ ಆ ಸಭೆಯನ್ನು ಕೊನೇ ದಿನದವರೆಗೆ ಎಳೆಯಬೇಡಿ. ತಾಂಡಾ ತುಂಬಿರುವಾಗಲೇ ಮಾಡಿ. ಅವರಿಲ್ಲದಾಗ ಮಾಡಿದ ಸಭೆಯಲ್ಲಿ ಆದ ತೀರ್ಮಾನ ಅವರ ವಿರುದ್ಧವೇ ಇರುತ್ತದೆ, ನಾನು ಬೇಕಾದಷ್ಟು ಕಂಡಿದ್ದೇನೆ. ಮತ್ತೆ ಹಳೇ ಸಂಘದ ಲೆಕ್ಕ. ಅದು ಇನ್ನೂ ದಾಖಲೆಯಲ್ಲಿ ಜೀವಂತ ಇದ್ದರೆ, ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಬರೆದು ಕೊಟ್ಟರೆ ಕಲಂ 64ರ ಪ್ರಕಾರ ವಿಚಾರಣೆ ಮಾಡಲೇಬೇಕು. ಹಿರಿಯರ ನೂರು ರೂಪಾಯಿಗೆ ಉತ್ತರ ಸಿಗದೆ ಅವರು ಇನ್ನೊಂದು ನೂರು ಕಟ್ಟುವುದಿಲ್ಲ.

ಎರಡು ಎಮ್ಮೆ, ಶಹಾಪುರ ತಾಲೂಕು

ಕಾಕಾ ಅವರು ಟ್ರಂಕಿನ ವಿಷಯ ಬರೆದದ್ದು ಓದಿ ಖುಷಿ ಆಯಿತು. ನಾನು ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗೆ ಒಂದೇ ಹಾಲು ಒಕ್ಕೂಟ, ನಂದಿನಿಗೆ ಹೋಗುತ್ತದೆ.

ತಮ್ಮಾ, ಹೊಲ ಇಲ್ಲದವರಿಗೆ ತೊಗರಿ ಸಂಘದಿಂದ ನೇರ ಏನೂ ಸಿಗುವುದಿಲ್ಲ. ಸುಳ್ಳು ಭರವಸೆ ಕೊಡಬೇಡಿ. ಅವರಿಗೆ ವಾರ ವಾರ ಕೈಗೆ ಬರುವ ದುಡ್ಡು ಬೇಕು. ನಮ್ಮ ಸಂಘದಲ್ಲಿ ಹಾಲು ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಹೊಲ ಇಲ್ಲ. ಒಂದು ಎಮ್ಮೆ, ಎರಡು ಎಮ್ಮೆ. ಹಾಲಿನ ದುಡ್ಡು ಖಾತೆಗೆ ಬೀಳುತ್ತದೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬೇರೆ. ಖಾತೆ ಹೆಣ್ಣುಮಕ್ಕಳ ಹೆಸರಲ್ಲೇ ಇರಬೇಕು ಅಂತ ನಾವು ಜಗಳ ಮಾಡಿ ಮಾಡಿಸಿದ್ದು. ಮೊದಲು ದುಡ್ಡು ಗಂಡಸರ ಕೈಗೆ ಹೋಗುತ್ತಿತ್ತು, ಎಮ್ಮೆಗೆ ಹಿಂಡಿಗೂ ಉಳಿಯುತ್ತಿರಲಿಲ್ಲ.

ಆದರೆ ಮೇವು ಬೇಕಲ್ಲ? ಇಲ್ಲೇ ನಿಮ್ಮ ತೊಗರಿಯವರ ಸಹಾಯ ಬೇಕು. ತೊಗರಿ ಹೊಟ್ಟು, ಜೋಳದ ಕಣಕಿ ನಿಮ್ಮ ಹೊಲದಲ್ಲಿದೆ. ಎಮ್ಮೆ ಕಟ್ಟುವ ಜನ ತಾಂಡಾದಲ್ಲಿದ್ದಾರೆ. ಹೊಟ್ಟು ಹೊರಗಿನ ವ್ಯಾಪಾರಿಗೆ ಕೊಡದೆ ಊರ ಸಂಘಕ್ಕೇ ಕೊಡಿ, ಬೇಸಿಗೆಗೆ ಅವರಿಗೆ ಸಿಗಲಿ. ಬೀಗ ಹಾಕಿದ ಆ ಗೋದಾಮು ಹೊಟ್ಟು ಇಡಲು ಸಾಕಲ್ವಾ?

ನಮ್ಮ ಸಂಘದಲ್ಲಿ ಒಬ್ಬಳು ಅಜ್ಜಿ ಇದ್ದಾಳೆ. ಓದು ಬರಹ ಇಲ್ಲ. ಅವಳ ಹಾಲಿಗೆ ಫ್ಯಾಟ್ ಕಡಿಮೆ ಬರೆಯುತ್ತೇವೆ ಅಂತ ಅವಳಿಗೆ ಅನುಮಾನ. ನಾನು ಅವಳನ್ನು ಯಂತ್ರದ ಪಕ್ಕಕ್ಕೆ ಕರೆದು ನಿಲ್ಲಿಸಿದೆ. ಅಂಕಿ ಬಂದ ಮೇಲೆ ಅವಳ ಪುಸ್ತಕದಲ್ಲಿ ಅವಳ ಕಣ್ಣೆದುರೇ ಬರೆದೆ. ದಿನಾ ಹಾಗೇ ಮಾಡಿದೆ. ಒಂದು ತಿಂಗಳಲ್ಲಿ ಅಜ್ಜಿ 6, 5, ಚುಕ್ಕೆ ಎಲ್ಲ ಗುರುತು ಹಿಡಿಯಲು ಕಲಿತಳು. ಈಗ ಬೇರೆಯವರ ಅಂಕಿಯನ್ನೂ ಅವಳೇ ಓದಿ ಹೇಳುತ್ತಾಳೆ. ನಾನು ಒಂದು ಅಂಕಿ ತಪ್ಪು ಬರೆಯಲಿ, ಬಿಡುವುದಿಲ್ಲ. ತೂಕ, ತೇವ, ದರ ಇವನ್ನೂ ನೀವು ಹೀಗೇ ಮಾಡಿ.

ಸಭೆ ಎಲ್ಲಿ ಮಾಡುತ್ತೀರಿ ಅನ್ನುವುದೂ ಮುಖ್ಯ. ನಿಮ್ಮ ಮೂವತ್ನಾಲ್ಕು ಜನ ಗುಡಿ ಕಟ್ಟೆಯ ಮೇಲೆ ಸೇರಿದ್ದಿರಾ? ಅಲ್ಲಿಗೆ ಕೇರಿಯವರು ಬಂದರೂ ಮೂಲೆಯಲ್ಲಿ ನಿಂತೇ ಹೋಗುತ್ತಾರೆ. ಶಾಲೆಯಲ್ಲಿ ಮಾಡಿ, ಎಲ್ಲರಿಗೂ ಒಂದೇ ಜಮಖಾನೆ ಹಾಸಿ. ಹೊತ್ತು ಮುಳುಗಿದ ಮೇಲೆ ಮಾಡಿ, ಕೂಲಿಗೆ ಹೋದ ಹೆಣ್ಣುಮಕ್ಕಳು ಬಂದು ರೊಟ್ಟಿ ಮಾಡಿಟ್ಟು ಬರುವಷ್ಟು ಸಮಯ ಬಿಡಿ.

ಕರಿಮಣ್ಣು, ಆಳಂದ ತಾಲೂಕು

ಮೂವರಿಗೂ ಶರಣು. ಹದಿನೈದು ದಿನ ಆಯಿತು, ಉತ್ತರ ಬರೆಯಲು ತಡ ಮಾಡಿದೆ. ಏನಾದರೂ ಮಾಡಿಯೇ ಬರೆಯೋಣ ಅಂತ ಕಾದೆ.

ಅಕ್ಕಾ, ನೀವು ಕೇಳಿದ್ದು ನಿಜ. ಮೊದಲನೇ ಸಭೆ ಹನುಮಪ್ಪನ ಗುಡಿ ಕಟ್ಟೆ ಮೇಲೆಯೇ ಆಗಿತ್ತು. ಮೂವತ್ನಾಲ್ಕರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ, ತಾಂಡಾದವರು ಇಬ್ಬರೇ. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಎರಡನೇ ಸಭೆ ಶಾಲೆಯಲ್ಲಿ ರಾತ್ರಿ ಎಂಟಕ್ಕೆ ಮಾಡಿದೆವು. ಎಪ್ಪತ್ತಕ್ಕೂ ಜಾಸ್ತಿ ಜನ ಬಂದರು. ಅವ್ವ ಬಂದಳು. ಎದ್ದು ನಿಂತು ಮಾತೂ ಆಡಿದಳು, ಅದನ್ನು ನಾನು ಇದೇ ಮೊದಲು ನೋಡಿದ್ದು.

ಎರಡು ಗುಂಪು ಆಗಿವೆ. ನಮ್ಮ ಓಣಿ ಮತ್ತು ಕೇರಿ ಸೇರಿ ಹದಿನೆಂಟು ಜನರದ್ದು ಒಂದು, ತಾಂಡಾದ ಹದಿನಾಲ್ಕು ಜನರದ್ದು ಒಂದು. ವಾರಕ್ಕೆ ಐವತ್ತು ರೂಪಾಯಿ. ಕೆಲವರಿಗೆ ಐವತ್ತು ಭಾರ ಅಂತ ತಾಂಡಾದ ಗುಂಪು ಮೂವತ್ತಕ್ಕೆ ಇಳಿಸಿಕೊಂಡಿತು. ಟ್ರಂಕು ಆಳಂದದಿಂದ ತಂದೆವು, ಮೂರು ಬೀಗ ಹಾಕಿದೆವು. ನಮ್ಮ ಗುಂಪಿನ ಒಂದು ಕೀಲಿಕೈ ಅವ್ವನ ಬಲ್ಲಿ ಇದೆ. ಇನ್ನೊಂದು ಕೇರಿಯ ಒಬ್ಬ ಚಿಕ್ಕಮ್ಮನ ಬಲ್ಲಿ. ಮೂರನೆಯದು ಯಾರಿಗೆ ಅಂತ ಮಾತು ಬಂದಾಗ ಇಬ್ಬರೂ ಸೇರಿ, ತಾಂಡಾದ ಗುಂಪಿನ ಒಬ್ಬರಿಗೆ ಇರಲಿ, ಅವರದ್ದೊಂದು ನಮಗೆ ಕೊಡಲಿ ಎಂದರು. ಇದು ನನಗೆ ಹೊಳೆದಿರಲಿಲ್ಲ.

ತೀರಿಹೋದವರ ಹೆಸರಲ್ಲಿರುವ ಹೊಲ ಎಷ್ಟು ಅಂತ ಪಟ್ಟಿ ಮಾಡಿದೆವು. ನಲವತ್ತೊಂದು ಮನೆ. ಕಾರ್ಯದರ್ಶಿ ಕಾಕಾ, ಇಷ್ಟು ಇರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಹತ್ತೊಂಬತ್ತು ಅರ್ಜಿ ಹಾಕಿದ್ದೇವೆ. ಉಳಿದವರಲ್ಲಿ ಅಣ್ಣತಮ್ಮಂದಿರ ಜಗಳ ಇದೆ, ಅದು ಬೇಗ ಬಗೆಹರಿಯುವುದಿಲ್ಲ. ಹಳೇ ಸಂಘದ ವಿಷಯ ಹಿರಿಯರ ಮುಂದೆ ಇಟ್ಟಿದ್ದೇವೆ. ಅರ್ಜಿಗೆ ಸಹಿ ಹಾಕಲು ಇಬ್ಬರು ಹಿಂಜರಿದರು, ಹನ್ನೊಂದು ಜನ ಹಾಕಿದ್ದಾರೆ.

ಈ ವರ್ಷದ ಬಿತ್ತನೆ ಮಾತ್ರ ಮುಗಿದುಹೋಗಿದೆ. ಎಲ್ಲರೂ ಎಂದಿನಂತೆ ಅಂಗಡಿಯಿಂದಲೇ ಸಾಲ ತಂದಿದ್ದಾರೆ, ನಾವೂ ತಂದೆವು. ಈ ಸಲದ, ಅಂದರೆ 2025-26ರ, ಬೆಂಬಲ ಬೆಲೆ 8,000 ಅಂತ ಘೋಷಣೆ ಆಗಿದೆ, ಆದರೆ ಬಾಕಿ ಇರುವವರು ಕೇಂದ್ರಕ್ಕೆ ಹಾಕುವುದು ಅನುಮಾನ. ಅದಕ್ಕೇ ಒಂದು ಕೇಳುತ್ತೇನೆ. ಈ ವರ್ಷಕ್ಕೆ ಬೇರೇನೂ ಆಗದಿದ್ದರೂ ಸರಿ, ಊರಲ್ಲೇ ತೇವ ನೋಡಿ, ತೂಕ ಮಾಡಿ, ಚೀಟಿ ಬರೆದು ಗಂಜಿಗೆ ಒಯ್ಯಬೇಕು ಅನ್ನುವುದು ನಮ್ಮ ಆಸೆ. ‘ಹಸಿ ಅದ’ ಅಂದಾಗ ಕೈಯಲ್ಲಿ ಒಂದು ಅಂಕಿ ಇರಬೇಕು. ತೇವ ಅಳೆಯುವ ಯಂತ್ರ ಯಾವುದು ತರಬೇಕು, ಬಳಸುವುದು ಹೇಗೆ? ಯಾರಾದರೂ ತಿಳಿದವರು ಹೇಳಿ.

ಜೇವರ್ಗಿ ರಸ್ತೆ

ತಮ್ಮಾ, ಸದ್ಯಕ್ಕೆ ತರಬೇಡಿ. ನಮ್ಮ ಕಂಪನಿಯದ್ದೊಂದು ನನ್ನ ಮನೆಯಲ್ಲೇ ಇದೆ, ನಿಂತ ಮೇಲೆ ಯಾರೂ ಕೇಳಿಲ್ಲ. ನಿರ್ದೇಶಕರಿಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಖರೀದಿ ಕೇಂದ್ರದಲ್ಲಿ ತೊಗರಿಗೆ 12 ಪರ್ಸೆಂಟ್ ತೇವದವರೆಗೆ ನಡೆಯುತ್ತದೆ, ಆ ಅಂಕಿ ಎಲ್ಲರ ಬಾಯಲ್ಲೂ ಇರಲಿ. ತೂಕದ ಯಂತ್ರ ಮಾತ್ರ ನೀವೇ ಕೊಳ್ಳಿ, ತೂಕ-ಅಳತೆ ಇಲಾಖೆಯ ಮುದ್ರೆ ಹಾಕಿಸಿಯೇ ತನ್ನಿ. ಅದನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು.

ತೊಗರಿವರೆಗೆ ಕಾಯುವುದೂ ಬೇಡ. ಆಗಸ್ಟ್ ಕೊನೆಗೆ ನಿಮ್ಮ ಹೆಸರುಕಾಳು ಬರುತ್ತದಲ್ಲ, ಅದರ ಮೇಲೇ ಕೈ ಪಳಗಿಸಿಕೊಳ್ಳಿ. ತಪ್ಪಾದರೂ ಸಣ್ಣದರಲ್ಲೇ ಆಗಲಿ. ರಾಶಿ ಆದ ದಿನ ಫೋನ್ ಮಾಡಿ, ಯಂತ್ರ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಅವ್ವನನ್ನು ಯಂತ್ರದ ಪಕ್ಕದಲ್ಲಿ ನಿಲ್ಲಿಸಿ.